ಕೆಂಚಾ, ಬಾರೋ!

ಅರಸೀಕೆರೆಯ ರೈಲು ಹಳಿಗಳ ಹಿಂಬದಿಯ ಆ ಬೀದಿಯಲ್ಲಿ ಸಂಜೆ ಆರಾಯಿತೆಂದರೆ ಒಂದು ಕೂಗು ತಪ್ಪದೆ ಕೇಳಿಬರುತ್ತಿತ್ತು. ‘ಕೆಂಚಾ... ಬಾರೋ... ಏ ಕೆಂಚಾ!’ ಮೊದಲ ಕೂಗಿನಲ್ಲಿ ಮುದ್ದು, ಮೂರನೆಯದರಲ್ಲಿ ಸಿಡುಕು, ಆರನೆಯದರ ಹೊತ್ತಿಗೆ ಅಳು. ಕೂಗುತ್ತಿದ್ದವನು ಒಂಬತ್ತನೆಯ ತರಗತಿಯ ಹುಡುಗ. ಕೂಗಿಸಿಕೊಳ್ಳುತ್ತಿದ್ದುದು ಎಂಟು ತಿಂಗಳ ಕೆಂದು ಬಣ್ಣದ ನಾಯಿ. ಖಾಲಿ ನಿವೇಶನದ ಆಚೆ ತುದಿಯಲ್ಲಿ ನಿಂತು, ಕಿವಿ ನಿಮಿರಿಸಿ, ‘ಕೇಳಿಸಿತು, ಮುಂದೆ?’ ಎಂಬಂತೆ ನೋಡಿ, ಮತ್ತೆ ಮಣ್ಣು ಮೂಸಲು ತೊಡಗುತ್ತಿತ್ತು.

ಜಾತಿಯಲ್ಲಿ ಅಪ್ಪಟ ಕಂತ್ರಿ. ಮುಧೋಳದ ನಾಯಿಗಾದರೆ 2005ರಲ್ಲಿ ಅಂಚೆ ಚೀಟಿಯ ಮರ್ಯಾದೆ ಸಿಕ್ಕಿತು. ಕೆಂಚನ ಕುಲಕ್ಕೆ ಅಂಥದ್ದೇನೂ ಇಲ್ಲ. ಮಳೆಯಲ್ಲಿ ಮೋರಿಯ ಪಕ್ಕ ನಡುಗುತ್ತ ಕೂತಿದ್ದ ಮರಿಯನ್ನು ಹುಡುಗ ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದಿದ್ದ. ನಾಲ್ಕು ತಿಂಗಳಾಗಿದ್ದಾಗ ‘ಕೆ’ ಎಂದರೆ ಸಾಕು, ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಗೆಳೆಯರ ಮುಂದೆ ಹುಡುಗ ಬೀಗಿದ್ದೇ ಬೀಗಿದ್ದು. ಏಳನೆಯ ತಿಂಗಳಲ್ಲಿ ಅದೇನಾಯಿತೋ, ಕರೆದರೆ ಬರುವುದನ್ನೇ ಮರೆಯಿತು. ‘ಮರೆತಿಲ್ಲ, ಕೊಬ್ಬು’ ಎಂದು ಅಪ್ಪ ತೀರ್ಪು ಕೊಟ್ಟರು. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಲೆಕ್ಕಕ್ಕೆ ಸಿಗದ ಯಾವುದನ್ನೂ ಸಹಿಸುವವರಲ್ಲ.

ನಾಯಿಗಳಿಗೂ ಹರೆಯವುಂಟು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಷರ್ ಮತ್ತು ಸಂಗಡಿಗರು 2020ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಇದನ್ನೇ ಬರೆದರು. ಐದು ತಿಂಗಳಲ್ಲಿ ‘ಕೂತುಕೋ’ ಎಂದರೆ ಕೂರುತ್ತಿದ್ದ ಮರಿಗಳು ಎಂಟನೆಯ ತಿಂಗಳಲ್ಲಿ ಸಾಕಿದವರ ಮಾತಿಗೆ ಹಿಂದೆಮುಂದೆ ನೋಡುತ್ತಿದ್ದವು. ತಮಾಷೆಯೆಂದರೆ, ಅದೇ ಮಾತನ್ನು ಅಪರಿಚಿತರು ಹೇಳಿದರೆ ಅಷ್ಟು ಹಟವಿರಲಿಲ್ಲ! ‘ನಿಮ್ಮ ಮಗ ನಮ್ಮ ಮನೆಗೆ ಬಂದರೆ ಎಷ್ಟು ಒಳ್ಳೆಯವನು ಗೊತ್ತೇ?’ ಎಂದು ಪಕ್ಕದ ಮನೆಯವರು ಹೇಳಿದಾಗ ಬಾಯಿ ತೆರೆದು ನಿಂತ ತಾಯಂದಿರಿಗೆ ಇದೇನೂ ಹೊಸ ಸಂಗತಿಯಲ್ಲ. ವರ್ಷ ತುಂಬುವ ಹೊತ್ತಿಗೆ ನಾಯಿಗಳು ಮತ್ತೆ ಹಾದಿಗೆ ಬಂದವಂತೆ.

ಆದರೆ ಹಳಿಯ ಪಕ್ಕದ ಮನೆಯಲ್ಲಿ ವರ್ಷ ತುಂಬುವವರೆಗೆ ಕಾಯುವುದು ಹೇಗೆ? ಒಂದು ಸಂಜೆ ಗೇಟು ತೆರೆದಿತ್ತು. ಕೆಂಚ ನೇರವಾಗಿ ಹಳಿಯ ಕಡೆ ಓಡಿತು. ಹುಡುಗ ಹಿಂದೆ ಓಡಿದ. ಅವನು ಓಡಿದಷ್ಟೂ ನಾಯಿಗೆ ಅದು ಆಟವೇ ಆಯಿತು. ಅಪ್ಪ ಬೆತ್ತ ಹಿಡಿದು ಅಬ್ಬರಿಸಿದರು. ಇನ್ನೂ ಇಪ್ಪತ್ತು ಗಜ ದೂರ ಹೋಯಿತು. ದೂರದಲ್ಲಿ ಗೂಡ್ಸ್ ಗಾಡಿಯ ಸದ್ದು. ಆಗ ಮನೆಯ ಹಿತ್ತಲಿನಿಂದ ‘ಟಣ್ ಟಣ್’ ಎಂದು ಕೇಳಿಸಿತು. ಅಜ್ಜಿ ಅನ್ನದ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದರು. ಕೆಂಚ ನಿಂತಲ್ಲೇ ತಿರುಗಿ, ಅಪ್ಪನ ಬೆತ್ತವನ್ನು ದೂರದಿಂದ ಬಳಸಿ, ಹಿತ್ತಲಿಗೆ ಹಾರಿ ಬಂತು.

ಅಪ್ಪ ಬೆತ್ತ ಎತ್ತಿದರು. ಅಜ್ಜಿ ನಡುವೆ ಬಂದರು. ‘ಬಂದಿದ್ದಕ್ಕೆ ಹೊಡೀತೀಯೇನೋ? ಈಗ ಹೊಡೆದರೆ ನಾಳೆ ತಟ್ಟೆ ಬಡಿದರೂ ಬರಲ್ಲ ಕಣೋ.’

ಮಾರನೆಯ ವಾರ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆಂದು ಹುಡುಗ ಕೆಂಚನನ್ನು ಪಶು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ವೈದ್ಯರಿಗೆ ತನ್ನ ಸಂಕಟ ಹೇಳಿಕೊಂಡ.

‘ಕರೆದಾಗ ಬಂದರೆ ಏನು ಮಾಡ್ತೀಯಪ್ಪ?’

‘ಕಟ್ಟಿ ಹಾಕ್ತೀನಿ ಸಾರ್.’

‘ಮತ್ತೆ?’

‘ಭಾನುವಾರ ಸ್ನಾನ ಮಾಡಿಸ್ತೀನಿ.’

‘ತಡವಾಗಿ ಬಂದರೆ?’

ಹುಡುಗ ನೆಲ ನೋಡಿದ. ‘ಅಪ್ಪ ಎರಡು ಬಿಡ್ತಾರೆ.’

‘ಹಾಗಾದರೆ ನಾನಾಗಿದ್ದರೂ ಬರ್ತಿರಲಿಲ್ಲ’ ಎಂದು ವೈದ್ಯರು ನಕ್ಕರು.

ರಷ್ಯದ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದವರು. ಊಟ ಬರುವ ಮುನ್ನವೇ ಪ್ರಯೋಗಾಲಯದ ನಾಯಿಗಳ ಬಾಯಲ್ಲಿ ನೀರೂರುವುದನ್ನು ಕಂಡು ಅದರ ಬೆನ್ನು ಹತ್ತಿದರು. ಗಂಟೆಯ ಕಥೆಯನ್ನು ಎಲ್ಲ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವರು ತಾಳ ಹಾಕುವ ಮೆಟ್ರೊನೋಮ್ ಯಂತ್ರವನ್ನೂ ಬಳಸುತ್ತಿದ್ದರು ಎಂಬುದನ್ನು ಬರೆಯುವವರು ಕಡಿಮೆ. ಸದ್ದು ಯಾವುದಾದರೇನು, ಅದರ ಹಿಂದೆ ಏನು ಬರುತ್ತದೆ ಎಂಬುದು ಮುಖ್ಯ. ತಟ್ಟೆಯ ಹಿಂದೆ ಅನ್ನ ಬರುತ್ತಿತ್ತು, ‘ಕೆಂಚಾ ಬಾರೋ’ದ ಹಿಂದೆ ಸರಪಳಿ. ಅಮೆರಿಕದ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ ಹಾಕಿ ನೋಡಿದ್ದೂ ಇದರ ನೆಂಟನೇ: ಸುಖ ತಂದ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ. ಅಜ್ಜಿ ಇಬ್ಬರನ್ನೂ ಓದಿರಲಿಲ್ಲ.

ವೈದ್ಯರು ಹೇಳಿಕೊಟ್ಟ ಪಾಠ ಹೀಗಿತ್ತು. ಹಳೆಯ ಕರೆ ಕೆಟ್ಟುಹೋಗಿದೆ, ಹೊಸದೊಂದು ಬೇಕು. ಹುಡುಗ ಮೊದಲು ಸೀಟಿ ಊದಬೇಕೆಂದಿದ್ದ. ರೈಲು ನಿಲ್ದಾಣದ ಹತ್ತಿರ ಸೀಟಿಗೇನು ಬರವೇ ಎಂದು ಅಮ್ಮ ಬೇಡವೆಂದರು. ಕೊನೆಗೆ ‘ತಗೋ!’ ಎಂದಾಯಿತು. ಬಾವಿಗೆ ಬಿಡುತ್ತಿದ್ದ ಹಳೆಯ ನೂಲಿನ ಹಗ್ಗ ಮೂವತ್ತು ಅಡಿ ಸಿಕ್ಕಿತು. ಅದನ್ನು ಕೊರಳಪಟ್ಟಿಗೆ ಕಟ್ಟಿ ನೆಲದ ಮೇಲೆ ಎಳೆಯಲು ಬಿಡುವುದು. ಜಗ್ಗಿ ತರುವುದಕ್ಕಲ್ಲ, ಓಡಿಹೋಗದಂತೆ ಕಾಯುವುದಕ್ಕೆ. ನಾಯಿ ತನ್ನತ್ತ ಹೊರಟಿರುವಾಗಲೇ ‘ತಗೋ’ ಎನ್ನುವುದು, ಅದೂ ಒಂದೇ ಸಲ. ಬಾರದಿದ್ದರೆ ಮತ್ತೆ ಕೂಗದೆ ಎದುರು ದಿಕ್ಕಿಗೆ ತಾನೇ ಓಡುವುದು. ಬಂದರೆ ಬೇಯಿಸಿದ ಮೊಟ್ಟೆಯ ಚೂರು. ಇಲ್ಲಿಯವರೆಗೆ ಯಾರಾದರೂ ಊಹಿಸಬಹುದು. ಹುಡುಗನಿಗೆ ಕಷ್ಟವಾದದ್ದು ಮುಂದಿನ ಮಾತು: ಬಂದ ನಾಯಿಯನ್ನು ‘ಹೋಗು, ಆಡಿಕೋ’ ಎಂದು ಮತ್ತೆ ಬಿಟ್ಟುಬಿಡಬೇಕು. ಹತ್ತು ಸಲ ಕರೆದರೆ ಒಂಬತ್ತು ಸಲ. ಅಷ್ಟು ಕಷ್ಟಪಟ್ಟು ಬರಿಸಿಕೊಂಡದ್ದನ್ನು ಬಿಟ್ಟುಕೊಡುವುದೇ?

ಮೊದಲು ನಡುಮನೆಯಲ್ಲಿ, ಆಮೇಲೆ ಹಿತ್ತಲಲ್ಲಿ, ಆಮೇಲೆ ಖಾಲಿ ನಿವೇಶನದಲ್ಲಿ. ಹತ್ತನೆಯ ದಿನ ಬೇರೆ ಬೀದಿಯ ಹೆಣ್ಣುನಾಯಿಯೊಂದು ಬಂದು ಎಲ್ಲವೂ ನೀರುಪಾಲು. ಮೊಟ್ಟೆಯಲ್ಲ, ಇಡೀ ಕೋಳಿ ತೋರಿಸಿದ್ದರೂ ಕೆಂಚ ತಿರುಗುತ್ತಿರಲಿಲ್ಲ. ಅದೇ ಹೊತ್ತಿಗೆ ಅಪ್ಪ ಜಗುಲಿಯಿಂದ ‘ತಗೋ ತಗೋ ತಗೋ’ ಎಂದು ಐದಾರು ಸಲ ಗದರಿದರು. ಹುಡುಗ ಓಡಿ ಬಂದು, ‘ಅಪ್ಪಾ, ಆ ಮಾತನ್ನ ಕೋಪದಲ್ಲಿ ಅನ್ನಬೇಡಿ. ಅದೂ ಕೆಟ್ಟುಹೋಗುತ್ತೆ’ ಎಂದ. ಅಪ್ಪನೆದುರು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಉತ್ತರಿಸದೆ ಒಳಗೆ ಹೋದರು. ಮೂರು ದಿನದ ಮೇಲೆ ಬಟ್ಟೆ ಒಗೆಯುವಾಗ ಅವರ ಬಿಳಿ ಅಂಗಿಯ ಜೇಬಿನಲ್ಲಿ ಮೊಟ್ಟೆಯ ಹಳದಿ ಮೆತ್ತಿಕೊಂಡಿದ್ದನ್ನು ಅಮ್ಮ ನೋಡಿದರು. ಯಾರಿಗೂ ಹೇಳಲಿಲ್ಲ, ಅಜ್ಜಿಗೊಬ್ಬರಿಗೆ ಬಿಟ್ಟು.

ಆ ತಿಂಗಳು ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ ಬಂತು. ಇಪ್ಪತ್ತೈದಕ್ಕೆ ಒಂಬತ್ತು. ರುಜು ಹಾಕಿಸಬೇಕು. ಅಪ್ಪ ಜಗುಲಿಯಿಂದ ಹೆಸರು ಹಿಡಿದು ಕರೆದರು. ಸಾಮಾನ್ಯವಾಗಿ ಮೂರು ಸಲ ಕೂಗಿದ ಮೇಲೆ ‘ಬಂದೇ’ ಎಂಬ ದನಿ ಬರುತ್ತಿತ್ತು, ಹುಡುಗ ಬರುತ್ತಿರಲಿಲ್ಲ. ಅಂದು ಅಪ್ಪ ಒಮ್ಮೆ ಕರೆದು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಅವನು ಬಂದು ಹೊಸಲಿನಾಚೆ, ಕೈಗೆಟುಕದಷ್ಟು ದೂರದಲ್ಲಿ ನಿಂತು, ಅವರ ಬಲಗೈಯನ್ನೇ ನೋಡುತ್ತಿದ್ದ. ಅಪ್ಪನೂ ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು.

‘ಕೂತ್ಕೋ. ಈ ಲೆಕ್ಕ ಎಲ್ಲಿ ತಪ್ಪಿತು, ತೋರಿಸು.’

ಅರ್ಧ ಗಂಟೆ ಇಬ್ಬರೂ ಗೀಚಿದರು. ಬಡ್ಡಿ ಲೆಕ್ಕ ಅಪ್ಪನಿಗೆ ನೀರು ಕುಡಿದಂತೆ, ಬೀಜಗಣಿತದಲ್ಲಿ ಅವರೂ ಎಡವಿದರು. ಆಮೇಲೆ ರುಜು ಹಾಕಿ, ‘ಹೋಗು, ಕತ್ತಲಾಗೋದರೊಳಗೆ ಕೆಂಚನ್ನ ಆಡಿಸಿಕೊಂಡು ಬಾ’ ಎಂದರು.

ಮೂರು ತಿಂಗಳಾದ ಮೇಲೆ ನಿವೇಶನದಲ್ಲಿ ಹಗ್ಗ ಬೇಕಾಗಲಿಲ್ಲ. ಮೊಟ್ಟೆಯೂ ಪ್ರತಿ ಸಲ ಬೇಕಿರಲಿಲ್ಲ. ಒಮ್ಮೆ ಚೂರು, ಒಮ್ಮೆ ಬೆನ್ನು ಸವರಿದರೆ ಆಯಿತು. ಯಾವ ಸಲ ಸಿಗುತ್ತದೆಂದು ತಿಳಿಯದಿರುವುದೇ ಪ್ರಾಣಿಯನ್ನು ಹೆಚ್ಚು ಹಿಡಿದಿಡುತ್ತದೆಂದು ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡಿದ್ದರು. ಓಡುತ್ತಿರುವಾಗಲೇ ‘ತಗೋ’ ಎಂದರೆ ಕೆಂಚ ಮಣ್ಣು ಕಿತ್ತುಕೊಂಡು ತಿರುಗುತ್ತಿತ್ತು. ಹೆಗ್ಗಣ ಕಂಡಾಗ ಮಾತ್ರ ಈಗಲೂ ಕಿವುಡು. ಆದ್ದರಿಂದ ಹಳಿಯ ಕಡೆ ಹೋಗುವಾಗ ಹಗ್ಗ ಬಿಟ್ಟದ್ದಿಲ್ಲ. ಅದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ರಾತ್ರಿ ಎಂಟಕ್ಕೆ ಅಜ್ಜಿ ಹಿತ್ತಲಲ್ಲಿ ತಟ್ಟೆ ಬಡಿಯುತ್ತಾರೆ. ಕೆಂಚ ಆಗಲೇ ಅವರ ಕಾಲ ಬಳಿ ಕೂತಿರುತ್ತದೆ, ಆದರೂ ಬಡಿಯುತ್ತಾರೆ.