ಬೆನ್ನ ಮೇಲಿನ ಚೀಲ

ಮೊನ್ನೆ ಹೊಸ ಬ್ಯಾಗ್ ಹಾಕ್ಕೊಂಡು ಸೈಕಲ್ ಪಕ್ಕ ನಿಂತ ಫೋಟೋ ಹಾಕಿದ್ದೆ. ಒಬ್ಬ ಸಂಗಾತಿ ಕೆಳಗೆ ಬರೆದರು, "ಏನಣ್ಣ, ಸಂಘಟನೆ ಬಿಟ್ಟು ಸಾಫ್ಟ್‌ವೇರ್ ಕಂಪನಿ ಸೇರಿಬಿಟ್ರಾ?" ತಮಾಷೆಗೆ ಬರೆದದ್ದು, ಗೊತ್ತು. ಆದರೆ ಇನ್ನೊಬ್ಬರು ಇನ್‌ಬಾಕ್ಸಿಗೆ ಬಂದು ಗಂಭೀರವಾಗೇ ಕೇಳಿದರು: "ಒಂದು ಬ್ಯಾಗಿಗೆ 1,800 ರೂಪಾಯಾ? ಆ ದುಡ್ಡಲ್ಲಿ ಎಷ್ಟು ಕರಪತ್ರ ಹಾಕಿಸಬಹುದಿತ್ತು!" ಇಬ್ಬರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಾನು ಸೈಕಲ್ ತುಳಿಯೋದು ಪರಿಸರ ಪ್ರೇಮದಿಂದ ಅಲ್ಲ. ಪೆಟ್ರೋಲ್ ನೂರು ದಾಟಿತು, ಡಾಕ್ಟರು ಶುಗರ್ ಇದೆ ಅಂದರು, ಸ್ಕೂಟರ್ ಮಾರಿದೆ. ಅಷ್ಟೇ ಕಥೆ. ಮೈಸೂರಿನ ಅಶೋಕಪುರದಿಂದ ಹೊರಟು, ಅಗ್ರಹಾರ ದಾಟಿ (ಈ ಎರಡು ಹೆಸರು ಒಂದೇ ದಾರಿಯಲ್ಲಿ ಸಿಗೋದಕ್ಕೆ ಈಗಲೂ ನಗು ಬರುತ್ತೆ) ಆಫೀಸು ಮುಟ್ಟೋಕೆ ಇಪ್ಪತ್ತೈದು ನಿಮಿಷ. ಜೊತೆಗೆ ಊಟದ ಡಬ್ಬಿ, ನೀರಿನ ಬಾಟ್ಲಿ, ಬದಲಾಯಿಸೋಕೆ ಒಂದು ಷರ್ಟು, ಮತ್ತೆ ಯಾರದ್ದಾದರೂ ಒಂದು ಅರ್ಜಿ. ಅರ್ಜಿ ಇಲ್ಲದ ದಿನವೇ ಇಲ್ಲ. ನಮ್ಮವನೊಬ್ಬ ಗುಮಾಸ್ತ ಆದ ಅಂದರೆ ಬೀದಿಯವರ ಕಾಗದಪತ್ರವೆಲ್ಲ ಅವನ ಕೈಗೇ ಬರುತ್ತೆ. ಜಾತಿ ಪ್ರಮಾಣಪತ್ರ, ವಿಧವಾ ವೇತನ, ಹಾಸ್ಟೆಲ್ ಅರ್ಜಿ, ಎಲ್ಲ.

ಇಪ್ಪತ್ತು ವರ್ಷ ಬಗಲುಚೀಲವನ್ನೇ ಹಾಕಿದವನು ನಾನು. ಡಿಎಸ್ಎಸ್ ಹಿರಿಯರ ಹೆಗಲಲ್ಲಿ ಅದನ್ನ ನೋಡಿ ನಾವೂ ಹಾಕ್ಕೊಂಡ್ವಿ. ನಡೆಯೋರಿಗೆ, ಬಸ್ಸಲ್ಲಿ ಹೋಗೋರಿಗೆ ಅದು ಸರಿ. ಸೈಕಲ್ ಮೇಲೆ ಬಗ್ಗಿದರೆ ಜಾರಿ ಮುಂದಕ್ಕೆ ಬಂದು ಮೊಣಕಾಲಿಗೆ ಬಡಿಯುತ್ತೆ. ಒಂದು ಸಲ ಬಸ್ಸಿನ ಮುಂದೆಯೇ ಬಿದ್ದೆ. ಕ್ಯಾರಿಯರಿಗೆ ಕಟ್ಟಿ ನೋಡಿದೆ, ಹಂಪ್ ಹಾರಿದಾಗೆಲ್ಲ ಹುಳಿ ಚೆಲ್ಲಿ ಅರ್ಜಿಗಳೆಲ್ಲ ಅರಿಶಿನ. ಆಮೇಲೆ ಯಾವುದೋ ತರಬೇತಿಯಲ್ಲಿ ಪುಕ್ಕಟೆ ಕೊಟ್ಟ ಬ್ಯಾಗು. ಬೆನ್ನ ತುಂಬ ಯಾರದ್ದೋ ಜಾಹೀರಾತು. ಅದನ್ನ ಹಾಕ್ಕೊಂಡು ಒಂದು ಕಚೇರಿಗೆ ಹೋದಾಗ ಸೆಕ್ಯೂರಿಟಿಯವರು, "ಪಾರ್ಸಲ್ ಕೊಡೋರು ಹಿಂದಿನ ಗೇಟಿಂದ ಹೋಗಿ" ಅಂದರು. ಪಾರ್ಸಲ್ ತರೋ ಹುಡುಗರು ನನಗಿಂತ ಕಡಿಮೆ ಅಂತ ಹೇಳ್ತಿಲ್ಲ. ಹಿಂದಿನ ಗೇಟು ಅನ್ನೋ ಮಾತು ಕೇಳಿದರೆ ನಮ್ಮ ಮೈಗೆ ಬೇರೆ ಏನೋ ನೆನಪಾಗುತ್ತೆ, ಅದು ನಿಮಗೆ ಗೊತ್ತು.

ಅದಕ್ಕೂ ಹೊಸ ಬ್ಯಾಗ್ ತಗೊಂಡಿರಲಿಲ್ಲ. ತಗೊಳ್ಳೋ ಹಾಗೆ ಮಾಡಿದ್ದು ಹೋದ ಜೂನ್ ಮಳೆ.

ಪೌರಕಾರ್ಮಿಕರೊಬ್ಬರ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಹಾಸ್ಟೆಲ್ ಅರ್ಜಿಗೆ ಅಂತ ಅಸಲು ಅಂಕಪಟ್ಟಿ ನನ್ನ ಕೈಗೆ ಕೊಟ್ಟಿದ್ದರು. ಆಫೀಸು ಬಿಟ್ಟು ಅರ್ಧ ದಾರಿ ಬಂದಿದ್ದೆ, ಮಳೆ ಹಿಡಿಯಿತು. ಪುಕ್ಕಟೆ ಬ್ಯಾಗಿನ ಜಿಪ್ಪು ಅದೇ ಹೊತ್ತಿಗೆ ಬಾಯಿ ಬಿಟ್ಟಿತು. ಮನೆಗೆ ಬಂದು ನೋಡಿದರೆ ಪ್ಲಾಸ್ಟಿಕ್ ಕವರಿನೊಳಕ್ಕೂ ನೀರು ಹೋಗಿ ಅಂಕಪಟ್ಟಿಯ ಒಂದು ಮೂಲೆ ಮುದ್ದೆಯಾಗಿದೆ. ರಾತ್ರಿಯೆಲ್ಲ ನ್ಯೂಸ್‌ಪೇಪರ್ ನಡುವೆ ಇಟ್ಟು ಫ್ಯಾನ್ ಕೆಳಗೆ ಒಣಗಿಸಿದ್ವಿ, ಹೆಂಡತಿ ಒಂದು ಕಡೆ ನಾನೊಂದು ಕಡೆ ಕೂತು. ಬೆಳಿಗ್ಗೆ ಆ ತಾಯಿಗೆ ತೋರಿಸಿದೆ. ಬೈಯ್ತಾರೆ ಅಂದುಕೊಂಡಿದ್ದೆ. "ಹೋಗ್ಲಿ ಬಿಡಣ್ಣ, ನಂಬರ್ ಕಾಣ್ತದಲ್ಲ" ಅಂದರು. ಹಾಸ್ಟೆಲಿನವರು ತಕರಾರಿಲ್ಲದೆ ತಗೊಂಡರು, ಹುಡುಗಿಗೆ ಸೀಟೂ ಸಿಕ್ಕಿತು. ಆದರೆ ಬೈದಿದ್ದರೇ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತೆ.

ಬ್ಯಾಗ್ ಹೇಗೆ ನೋಡೋದು ಅಂತ ಕೇಳೋಕೆ ನಾನು ಯೂಟ್ಯೂಬಿಗೆ ಹೋಗಲಿಲ್ಲ, ಚಿಕ್ಕಪ್ಪನ ಹತ್ತಿರ ಹೋದೆ. ನಲವತ್ತು ವರ್ಷದಿಂದ ಬಸ್ ಸ್ಟಾಪಿನ ಹತ್ತಿರ ಫುಟ್‌ಪಾತಿನಲ್ಲಿ ಕೂತು ಚಪ್ಪಲಿ, ಬ್ಯಾಗು ಹೊಲೀತಾರೆ. ಊರಿನ ಎಲ್ಲ ಕಂಪನಿಯ ಬ್ಯಾಗೂ ಕಿತ್ತುಹೋದ ಮೇಲೆ ಅವರ ಮುಂದೆಯೇ ಬಂದು ಬೀಳೋದು. ಯಾವುದು ಎಲ್ಲಿ ಕಿತ್ತುಹೋಗುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾವ ಇಂಜಿನಿಯರಿಗೆ ಗೊತ್ತಿರುತ್ತೆ?

"ಹೆಸರು ನೋಡ್ಬೇಡ ಮಗ, ಹೊಲಿಗೆ ನೋಡು. ಹೆಸರು ಮುಂದಿರ್ತದೆ, ಹಣೆಬರಹ ಒಳಗಿರ್ತದೆ. ಮಗುಚಿ ನೋಡು" ಅಂದರು.

ಹಾಗೇ ಮಾಡಿದೆ. ಭಾನುವಾರ ಮಗಳನ್ನ ಕರ್ಕೊಂಡು ಅಂಗಡಿಗೆ ಹೋಗಿ ಒಂದೊಂದು ಬ್ಯಾಗನ್ನೂ ಒಳಹೊರಗು ಮಾಡಿದೆ. ಅಂಗಡಿ ಹುಡುಗನ ಮುಖ ನೋಡಬೇಕಿತ್ತು. ಹೆಗಲಪಟ್ಟಿ ಬಂದು ಸೇರೋ ಕಡೆ ಬರೀ ಒಂದು ಸಾಲು ಹೊಲಿಗೆ ಇದ್ದರೆ ಕೆಳಗಿಟ್ಟೆ. ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನ ಹಾಗೆ ಮತ್ತೆ ಹೊಲಿದಿರಬೇಕು, ಭಾರ ಎಲ್ಲ ಬೀಳೋದು ಅಲ್ಲೇ. ಒಳಗಡೆ ಬಟ್ಟೆಯ ಅಂಚಿಗೆ ಪಟ್ಟಿ ಕೊಟ್ಟು ಮುಚ್ಚಿರಬೇಕು, ಇಲ್ಲಾಂದ್ರೆ ಎಳೆ ಬಿಟ್ಟುಕೊಂಡು ಬರುತ್ತೆ. ಜಿಪ್ಪು ನೇರ ಎಳೆದರೆ ಎಲ್ಲವೂ ಚೆನ್ನಾಗೇ ಓಡುತ್ತೆ, ತಿರುವಿನಲ್ಲಿ ಎಳೆದು ನೋಡಬೇಕು. ಬಟ್ಟೆಗೆ ಡಿನಿಯರ್ ಅಂತ ಲೆಕ್ಕ ಇದೆ, 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೋ ಅಷ್ಟು ಡಿನಿಯರ್. ನಾನು ತಗೊಂಡಿದ್ದು 600ರದ್ದು. ಇದು ಲೇಬಲ್ ಓದಿ ಕಲಿತದ್ದು, ಚಿಕ್ಕಪ್ಪ ಬೆರಳಲ್ಲಿ ಹಿಸುಕಿಯೇ ಹೇಳ್ತಾರೆ.

ಸೈಕಲ್ಲಿಗೆ ಅಂತಲೇ ಇನ್ನೂ ಕೆಲವು ಇವೆ. ತುಂಬ ಎತ್ತರದ ಬ್ಯಾಗಾದರೆ ತಲೆ ಎತ್ತಿದಾಗ ಹೆಲ್ಮೆಟ್ಟಿಗೆ ತಾಗುತ್ತೆ. ಎದೆ ಮೇಲೆ ಸಣ್ಣ ಪಟ್ಟಿ ಇದ್ದರೆ ಹೆಗಲಿಂದ ಜಾರಲ್ಲ. ನಮ್ಮಂಥೋರಿಗೆ 20-25 ಲೀಟರ್ ಸಾಕು, ಅದಕ್ಕಿಂತ ದೊಡ್ಡದು ತಗೊಂಡರೆ ಊರಿನವರ ಅರ್ಜಿಯೆಲ್ಲ ತುಂಬಿಕೊಳ್ಳುತ್ತೆ. ವಾಟರ್‌ಪ್ರೂಫ್ ಅಂತ ಬರೆದಿದ್ದನ್ನ ನಂಬಬೇಡಿ. ಬಟ್ಟೆ ನೀರು ತಡೆದರೂ ಹೊಲಿಗೆಯ ತೂತು, ಜಿಪ್ಪು ತಡೆಯಲ್ಲ. ಮೇಲೆ ಹೊದಿಸೋ ಮಳೆ ಕವರ್ ಬೇಕೇ ಬೇಕು. ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದಿದ್ದರೆ ಅದೂ ಕೆಸರು. ಬೆನ್ನು ಬೆವರೋದಕ್ಕೆ ಮಾತ್ರ ಯಾವ ಬ್ಯಾಗಲ್ಲೂ ಪೂರ್ತಿ ಪರಿಹಾರ ಇಲ್ಲ, ಅದಕ್ಕೇ ಇನ್ನೊಂದು ಷರ್ಟು.

ಬಣ್ಣಕ್ಕೆ ಅಪ್ಪ ಮಗಳಿಗೆ ಜಗಳ. ನನಗೆ ನೀಲಿಯೇ ಬೇಕು, ಯಾಕೆ ಅಂತ ನಿಮಗೆ ಹೇಳಬೇಕಿಲ್ಲ. "ಕಡುನೀಲಿ ರಾತ್ರಿ ಹೊತ್ತು ಲಾರಿಯವರಿಗೆ ಕಾಣಲ್ಲ ಅಪ್ಪ" ಅಂದಳು. ಕೊನೆಗೆ ನೀಲಿ ಬ್ಯಾಗು, ಅದರ ಮೇಲೆ ಬೆಳಕು ಬಿದ್ದರೆ ಹೊಳೆಯೋ ಪಟ್ಟಿ, ಮಳೆ ಕವರ್ ಮಾತ್ರ ಕಣ್ಣಿಗೆ ಹೊಡೆಯೋ ಹಳದಿ. ಕನ್ನಡಿ ಮುಂದೆ ನಿಂತೆ. ಚೆನ್ನಾಗಿ ಕಾಣ್ತಿದ್ದೆ. ಹೌದು, ಚೆನ್ನಾಗಿ ಕಾಣಬೇಕು ಅಂತಲೂ ತಗೊಂಡೆ. ಈ ಮಾತು ಹೇಳೋಕೆ ನಮ್ಮೋರಿಗೆ ಯಾಕೆ ಇಷ್ಟು ಸಂಕೋಚ? ಬಾಬಾಸಾಹೇಬರು ಸೂಟು ಹಾಕಿದ್ದು ಚಳಿಗಲ್ಲ. ಪೇಶ್ವೆಗಳ ಪುಣೆಯಲ್ಲಿ ನಮ್ಮವರು ಉಗುಳು ನೆಲಕ್ಕೆ ಬೀಳದ ಹಾಗೆ ಕುತ್ತಿಗೆಗೆ ಮಡಕೆ, ಹೆಜ್ಜೆಗುರುತು ಅಳಿಸೋಕೆ ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೀಬೇಕಿತ್ತು ಅನ್ನೋದನ್ನ 1936ರ 'ಜಾತಿ ವಿನಾಶ'ದಲ್ಲಿ ಬರೆದವರೂ ಅವರೇ. ನಮ್ಮ ಮೈಮೇಲೆ ಏನು ತೂಗಬೇಕು ಅಂತ ಬೇರೆಯವರು ತೀರ್ಮಾನ ಮಾಡಿದ ಕಾಲ ಅದು. ನನ್ನ ಬೆನ್ನಿಗೆ ಏನು ಹಾಕ್ಕೋಬೇಕು ಅಂತ ನಾನೇ ಅಂಗಡಿಗೆ ಹೋಗಿ, ಮಗುಚಿ ನೋಡಿ, ದುಡ್ಡು ಕೊಟ್ಟು ತಂದಿದೀನಿ. ಇದನ್ನ ಶೋಕಿ ಅನ್ನೋದಾದ್ರೆ ಅನ್ನಿ.

ಕರಪತ್ರದ ಸಂಗಾತಿಗೆ ಒಂದು ಮಾತು: ನಿನ್ನೆ ಸಂಜೆ ಜೋರು ಮಳೆ. ಒಳಗೆ ಭಾನುವಾರದ ಸಭೆಯ 300 ಕರಪತ್ರ ಇದ್ದವು. ಒಂದೂ ಒದ್ದೆ ಆಗಿಲ್ಲ.

ಬ್ಯಾಗನ್ನ ಚಿಕ್ಕಪ್ಪನಿಗೆ ತೋರಿಸಿದೆ. ಎಲ್ಲ ಕಡೆ ಎಳೆದು ನೋಡಿ, ಮೇಲಿನ ಕೈಪಟ್ಟಿ ಹತ್ತಿರ ನಿಂತರು. "ಇಲ್ಲಿ ಮೋಸ ಮಾಡವ್ರೆ" ಅಂದು ಮೇಣ ಹಚ್ಚಿದ ದಾರ ತಗೊಂಡು ಎರಡು ಸುತ್ತು ಹೊಲಿದರು. ದುಡ್ಡು ಬೇಡ ಅಂತಾರೆ ಅಂದುಕೊಂಡೆ. "ಅಂಗಡಿಯೋನಿಗೆ ಅಷ್ಟು ಕೊಟ್ಟಿದ್ದೀಯಲ್ಲ, ನನಗೂ ಕೊಡು" ಅಂತ 50 ರೂಪಾಯಿ ಇಸ್ಕೊಂಡರು. ಆಮೇಲೆ ಉಳಿ, ರಂಪಿಗೆ, ದಾರದುಂಡೆ ಎಲ್ಲ ಗೊಬ್ಬರದ ಚೀಲಕ್ಕೆ ತುಂಬ್ತಾ, "ನಂಗೂ ಇಂಥದ್ದೊಂದು ತಕ್ಕೊಡ್ಲಾ. ನೀಲೀದೇ ಇರ್ಲಿ" ಅಂದರು.

ಮುಂದಿನ ತಿಂಗಳ ಸಂಬಳ ಆಗಲಿ ಅಂದಿದೀನಿ.

ಜೈ ಭೀಮ್.