ಮಾಳಿಗಾವದ ಮುಂದಿನ ಬೀದಿ

ರಾಮೇಶ್ವರದಿಂದ ತಲೈಮನ್ನಾರಿಗೆ ಹಡಗು ಹೋಗುತ್ತಿದ್ದ ಎಪ್ಪತ್ತರ ದಶಕದಲ್ಲಿ ನಾನು ಕಂಡ ಕ್ಯಾಂಡಿ ನಗರದಲ್ಲಿ, ಬುದ್ಧನ ದಂತಧಾತುವನ್ನಿರಿಸಿದ ದಳದಾ ಮಾಳಿಗಾವಕ್ಕೂ ಅದರ ಪಕ್ಕದ ಸರೋವರಕ್ಕೂ ನಡುವೆ ವಾಹನಗಳ ಬೀದಿಯೊಂದು ನಿರಾತಂಕವಾಗಿ ಹಾದುಹೋಗುತ್ತಿತ್ತು. ಅಷ್ಟಕೋನಾಕೃತಿಯ ಪತ್ತಿರಿಪ್ಪುವ ಮಂಟಪ ಕಣ್ಣಿಗೆ ಬಿದ್ದೊಡನೆ ಕಿಕ್ಕಿರಿದ ಬಸ್ಸಿನೊಳಗೆ ಕುಳಿತವರು ಅರೆ ಎದ್ದು ಕೈಮುಗಿಯುವರು. ನಿಂತವರು ಕಂಬಿಯನ್ನು ಬಿಡಲಾರದೆ ತಲೆಯನ್ನಾದರೂ ಬಾಗಿಸುವರು. ಕಚೇರಿಯ ಹೊತ್ತಿಗೆ ಮುಂಚೆ ಬಂದವರು ಇಳಿದು, ಹೂವು ಕೊಂಡು, ಅರ್ಪಿಸಿ, ಮುಂದಿನ ಬಸ್ಸನ್ನು ಹಿಡಿಯುವರು. ಹೂವಿನ ವ್ಯಾಪಾರವೆಲ್ಲ ಈ ಅವಸರದ ಭಕ್ತಿಯನ್ನೇ ನಂಬಿಕೊಂಡಿತ್ತು. ಮಾರುವವಳು ಬಿಗಿದ ತಾವರೆಯ ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು, ಹೊರದಳದಿಂದ ತೊಡಗಿ ಒಂದೊಂದನ್ನೂ ಹೆಬ್ಬೆರಳಿನಿಂದ ಒಳಕ್ಕೆ ಮಡಿಸುತ್ತ, ಗಿರಾಕಿ ಚಿಲ್ಲರೆ ಹುಡುಕುವಷ್ಟರಲ್ಲಿ ಅದನ್ನು ಅರಳಿದ ಪುಷ್ಪವಾಗಿಸಿ ಕೊಡುತ್ತಿದ್ದಳು.

ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದ ಈ ಗಿರಿನಗರಿಯ ಕಡೆಯ ಅರಸು ಶ್ರೀ ವಿಕ್ರಮ ರಾಜಸಿಂಹನು, ಒಂದು ಕಾಲಕ್ಕೆ ವಿಜಯನಗರದ ಸಾಮಂತರಾಗಿದ್ದ ಮಧುರೆಯ ನಾಯಕರ ಬಂಧುವರ್ಗದಿಂದ ಬಂದ ರಾಜವಂಶದವನೆಂಬುದು ಕನ್ನಡಿಗನಿಗೆ ಕುತೂಹಲದ ಸಂಗತಿಯೇ ಸರಿ. 1807ರಲ್ಲಿ ಗದ್ದೆಬಯಲಿಗೆ ಕಟ್ಟೆ ಹಾಕಿಸಿ ಸರೋವರವನ್ನು ನಿರ್ಮಿಸತೊಡಗಿದವನೂ, ಮೋಡಗಳ ಆಕಾರದ ಗೋಡೆಯನ್ನು ಅದರಂಚಿಗೆ ಎಬ್ಬಿಸಿದವನೂ ಅವನೇ. ಬಿಟ್ಟಿ ದುಡಿಮೆಯಿಂದ ಬೇಸತ್ತ ಜನರ ಶಾಪವನ್ನು ಕಟ್ಟಿಕೊಂಡವನೂ ಅವನೇ. ಗೋಡೆ ಪೂರ್ಣವಾಗಲಿಲ್ಲ. 1815ರಲ್ಲಿ ಆಂಗ್ಲರು ಅವನನ್ನು ಸೆರೆಹಿಡಿದು ವೆಲ್ಲೂರಿಗೆ ಕಳುಹಿದರು. ಅಲ್ಲಿಯೇ 1832ರಲ್ಲಿ ತೀರಿಕೊಂಡನು.

ಮೆರವಣಿಗೆಯ ರಾತ್ರಿ ದಂತಧಾತುವಿನ ಕರಂಡಕವನ್ನು ಹೊತ್ತ ‘ರಾಜಾ’ ಎಂಬ ಆನೆ, ನೆಲಕ್ಕೆ ಹಾಸಿದ ಬಿಳಿಯ ವಸ್ತ್ರದ ಮೇಲೆ, ಬೆನ್ನ ಮೇಲಿನ ಭಾರವೇನೆಂಬುದನ್ನು ಬಲ್ಲದ್ದರಂತೆ ಹೆಜ್ಜೆಯಿಡುತ್ತಿದ್ದುದನ್ನು ನಾನು ಅಂದು ನೋಡಿದ್ದೆ. 1988ರಲ್ಲಿ ಅದು ಸತ್ತಿತು; ಅದರ ಚರ್ಮಕ್ಕೆ ಆಕಾರ ತುಂಬಿ ಆವರಣದೊಳಗೆ ನಿಲ್ಲಿಸಿರುವರು. ಗಾಜಿನ ಹಿಂದಿನ ಆ ಕಣ್ಣುಗಳನ್ನು ನೋಡುತ್ತ ಬಹಳ ಹೊತ್ತು ನಿಲ್ಲುವುದು ನನ್ನಿಂದಾಗಲಿಲ್ಲ.

1998ರ ಜನವರಿ 25ರ ಬೆಳಗಿನ ಜಾವ, ಸ್ವಾತಂತ್ರ್ಯದ ಸುವರ್ಣೋತ್ಸವಕ್ಕೆ ಊರು ಸಿದ್ಧವಾಗುತ್ತಿದ್ದಾಗ, ಎಲ್‌ಟಿಟಿಇಯವರು ಸ್ಫೋಟಕ ತುಂಬಿದ ಲಾರಿಯನ್ನು ಇದೇ ಬೀದಿಯಿಂದ ದೇವಾಲಯದ ಮುಂಭಾಗಕ್ಕೆ ನುಗ್ಗಿಸಿದರು. ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಉತ್ಸವ ಕೊಲಂಬೊಗೆ ಹೋಯಿತು. ಗಾರೆ ಉದುರಿದೆಡೆಯಲ್ಲಿ ಹಿಂದಿನ ಕಾಲದ ಭಿತ್ತಿಚಿತ್ರಗಳ ಪದರಗಳು ಬೆಳಕಿಗೆ ಬಂದುದು ವಿಧಿಯ ವಿಚಿತ್ರ ಚೇಷ್ಟೆಯೆನ್ನಬೇಕು. ಜೀರ್ಣೋದ್ಧಾರ ಮುಗಿದರೂ ಬೀದಿ ವಾಹನಗಳಿಗೆ ತೆರೆಯಲಿಲ್ಲ.

ಯುದ್ಧವೆಲ್ಲ ಮುಗಿದ ಮೇಲೆ ನಾನು ಮತ್ತೆ ಹೋದಾಗ, ಚೀಲವನ್ನೂ ಮೈಯನ್ನೂ ತಡವಿ ನೋಡಿಸಿಕೊಂಡು ಒಳಹೊಕ್ಕರೆ, ಬೀದಿಯಿದ್ದಲ್ಲಿ ಮಕ್ಕಳು ಓಡಾಡುತ್ತಿದ್ದರು. ಸಂಜೆಯ ಪೂಜೆಯ ಹೇವಿಸಿ ವಾದ್ಯ, ಹಿಂದೆ ಬಸ್ಸುಗಳ ಭೋಂಕಾರದಲ್ಲಿ ಮುಳುಗಿಹೋಗುತ್ತಿದ್ದುದು, ಈಗ ನಾಥ ದೇವಾಲಯದವರೆಗೂ ನಿಚ್ಚಳವಾಗಿ ಕೇಳುತ್ತಿತ್ತು. ಅರಸನು ಬಯಸಿದ್ದಿರಬಹುದಾದ ವೈಶಾಲ್ಯವನ್ನು ಶಾಂತಿಯ ಕಾಲ ಕೊಡಲಿಲ್ಲ, ಭಯ ಕೊಟ್ಟಿತು. ಇದನ್ನು ಲಾಭವೆಂದು ಬರೆಯಲು ನನ್ನ ಲೇಖನಿ ಹಿಂಜರಿಯುತ್ತದೆ.

“ವ್ಯಾಪಾರ ಹೇಗಿದೆ, ಅಮ್ಮಾ?” ಎಂದು ಹೂವಿನ ಮುದುಕಿಯೊಬ್ಬಳನ್ನು ಕೇಳಿದೆ. “ಆಗ ಊರವರು ದಿನವೂ ಕೊಳ್ಳುತ್ತಿದ್ದರು. ಈಗ ನಿಮ್ಮಂಥವರು ಒಂದು ಸಲ ಕೊಳ್ಳುತ್ತೀರಿ,” ಎಂದು ತಮಿಳಿನಲ್ಲಿ ಹೇಳಿ, ಕೈಯಲ್ಲಿದ್ದ ಮೊಗ್ಗಿನ ದಳ ಮಡಿಸುವುದನ್ನು ಮುಂದುವರಿಸಿದಳು.

ಮುಂಜಾನೆಯ ಒಂದೆರಡು ಗಂಟೆಯಾದರೂ ಊರ ಬಸ್ಸುಗಳನ್ನು ಆ ಬೀದಿಯಲ್ಲಿ ಬಿಡಬಾರದೇಕೆಂದು ಜೊತೆಗಿದ್ದ ತರುಣನನ್ನು ಕೇಳಿದೆ. ಅವನು ಹೊಸದಾಗಿ ಸುಣ್ಣ ಬಳಿದಿದ್ದ ಗೋಡೆಯ ಕಡೆ ಕೈ ತೋರಿಸಿ, “ಇದಕ್ಕೆ ಹೊಗೆಯ ಮಸಿ ಹಿಡಿದರೆ ತೊಳೆಯುವುದಕ್ಕೆ ತಾವು ಬರುತ್ತೀರೇನು, ಸಾರ್?” ಎಂದನು.