ಗಾಳಿಗೊಂದು ದಾರಿ

ಕ್ಯಾರವಾನ್ ಎಂದರೆ ನಮ್ಮ ಕಡೆಯ ಹೆಂಗಸರಿಗೆ ಸಿನಿಮಾ ನಟಿಯರು ಶೂಟಿಂಗಿನ ನಡುವೆ ಹೋಗಿ ಕೂರುವ ಬಸ್ಸು, ಅಷ್ಟೇ. ಅದರಲ್ಲಿ ಮಂಚ, ಒಲೆ, ಬಚ್ಚಲು ಎಲ್ಲ ಇರುತ್ತದಂತೆ ಎಂದು ಓದಿ ಬೆರಗಾಗಿದ್ದೆವೇ ಹೊರತು, ತುರುವೇಕೆರೆ ತಾಲ್ಲೂಕಿನ ನಮ್ಮ ತೋಟದ ಮನೆಯ ಮುಂದೆ ಅಂಥದ್ದೊಂದು ಬಂದು ನಿಲ್ಲುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ಬೆಂಗಳೂರಿನಲ್ಲಿ ಅವು ಬಾಡಿಗೆಗೂ ಸಿಗುತ್ತವೆ. ನನ್ನ ಮೈದುನನ ಮಗ ಚಾಲಕನ ಸಮೇತ ಒಂದನ್ನು ಗೊತ್ತುಮಾಡಿಕೊಂಡು ಹೆಂಡತಿ, ಕೂಸಿನೊಂದಿಗೆ ಬಂದಿಳಿದ. ಶೋಕಿಗೆ ಅಲ್ಲ, ನಮ್ಮ ಅತ್ತೆಯವರಿಗಾಗಿ.

ಅತ್ತೆಗೆ ಎಂಬತ್ತೆರಡು. ಅವರ ಒಬ್ಬಳೇ ತಂಗಿ ಶಿವಮೊಗ್ಗದಲ್ಲಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅತ್ತೆಯ ಮಂಡಿ ಒಂದು ಗಂಟೆಯೂ ಮಡಚಿ ಕೂರಲು ಬಿಡದು. ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕು. ಬಸ್ಸು ಆಗದು, ಕಾರು ಆಗದು, ರೈಲಿನ ಮೆಟ್ಟಿಲು ಹತ್ತಲಾರರು. (ದಾರಿಯಲ್ಲಿ ಬಚ್ಚಲು ಎಲ್ಲಿ ಸಿಗುತ್ತದೆ ಎಂಬ ಒಂದೇ ಚಿಂತೆಗೆ ಎಷ್ಟು ಹೆಂಗಸರು ಮನೆ ಬಿಟ್ಟು ಹೊರಡುವುದೇ ಇಲ್ಲವೋ!) "ಬತ್ತೀನಿ ಕಣೆ" ಎಂದು ಫೋನಿನಲ್ಲಿ ಹೇಳಿ ಹೇಳಿ, ಕೊನೆಗೆ ಆ ತಂಗಿ "ಯಾವಾಗ ಅಕ್ಕ" ಎಂದು ಕೇಳುವುದನ್ನೇ ಬಿಟ್ಟಿದ್ದರು.

ಏಪ್ರಿಲ್ ಬಿಸಿಲು. ತಿಪಟೂರು ದಾಟಿದ ಮೇಲೆ ಎ.ಸಿ. ಹಾಕಿದರು. ಅತ್ತೆ ಹಿಂದಿನ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ನೇರ ಮೇಲೆ, ಮಾಡಿನಲ್ಲಿ, ತಟ್ಟೆಯಗಲದ ಒಂದು ದುಂಡು ಕಿಂಡಿ. ಅರಸೀಕೆರೆ ಬರುವ ಹೊತ್ತಿಗೆ ಸೆರಗು, ಶಾಲು, ಕಂಬಳಿ ಎಲ್ಲ ಮಂಡಿಯ ಮೇಲೆ ಬಂದವು. ಆಮೇಲೆ ಮೆಲ್ಲಗೆ, "ಗಾಡಿ ತಿರುಗಿಸು ಮಗ. ಮಂಡಿ ಒಳಗೆ ಸೂಜಿ ಚುಚ್ಚಿದಂಗಾಯ್ತದೆ" ಎಂದರು.

ಎ.ಸಿ. ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ತಗಡಿನ ಡಬ್ಬ ಕಾದು ಅತ್ತೆಗೆ ಏದುಸಿರು. ಹಾಕಿದರೆ ಮಂಡಿ. ಹುಡುಗ ಹಿಂದಿನ ಕಿಂಡಿಗಳನ್ನೆಲ್ಲ ತಿರುಗಿಸಿ ಮುಚ್ಚಿದ. ಮುಂದೆ ಕೂತಿದ್ದ ಅವನ ಹೆಂಡತಿಯ ನೆತ್ತಿಗೆ ತಣ್ಣನೆ ಗಾಳಿ ಸುರಿಯಿತು, ಕೂಸು ಸೀನಿತು. ಅವಳು ತನ್ನದನ್ನೂ ಮುಚ್ಚಿದಳು. ಆಗ ಮಾಡಿನೊಳಗೆ ಎಲ್ಲಿಂದಲೋ ಸಿಳ್ಳೆ ಶುರು. ಬಾಣಾವರದ ಬಳಿ ಚಾಲಕ ಮರದ ನೆರಳಿಗೆ ಗಾಡಿ ಹಾಕಿ, "ಹಂಗೆ ಎಲ್ಲ ಮುಚ್ಚಬಾರದು ಅಮ್ಮಾವ್ರೆ" ಎಂದು ಒಳಗೆ ಬಂದ.

ಅವನು ಹೇಳಿದ್ದರ ತಿರುಳು ಇದು. ಎ.ಸಿ. ಪೆಟ್ಟಿಗೆ ಮಾಡಿನ ಮೇಲೆ ಒಂದೇ. ಅದರ ಫ್ಯಾನು ದೂಡಿದ ಗಾಳಿ ಮಾಡಿನ ಒಳಗಿನ ಡಕ್ಟಿನಲ್ಲಿ ಹರಿದು ಕಿಂಡಿ ಕಿಂಡಿಯಲ್ಲಿ ಇಳಿಯುತ್ತದೆ. ನಮ್ಮ ತೋಟದ ಡ್ರಿಪ್ ಪೈಪು ನೆನೆಸಿಕೊಳ್ಳಿ: ಮೋಟಾರಿನ ಹತ್ತಿರದ ಗಿಡಕ್ಕೆ ಜೋರು, ಕೊನೆಯ ಗಿಡಕ್ಕೆ ತೊಟ್ಟಿಕ್ಕು. ಹತ್ತಿರದ್ದನ್ನು ಸ್ವಲ್ಪ ಬಿಗಿ ಮಾಡಿದರೆ ದೂರದ್ದಕ್ಕೆ ಹೋಗುತ್ತದೆ. ಎಲ್ಲವನ್ನೂ ಬಿಗಿದರೆ ನೀರಿಗೆ ಪೈಪೇ ಒಡೆಯಬೇಕು. ಇಲ್ಲಿ ಗಾಳಿ ಸಂದಿಯಲ್ಲಿ ಸಿಳ್ಳೆ ಹಾಕುತ್ತದೆ. ಅಷ್ಟೇ ಅಲ್ಲ, ಪೆಟ್ಟಿಗೆಯೊಳಗಿನ ತಣ್ಣನೆ ಸುರುಳಿಯ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೆ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಕಟ್ಟಿದ ಮೇಲೆ ಗಾಳಿ ಇನ್ನೂ ಹಾಯದು. ಯಂತ್ರ ಓಡುತ್ತಲೇ ಇರುತ್ತದೆ, ಒಳಗೆ ಸೆಕೆ. ಆಮೇಲೆ ಗಡ್ಡೆ ಕರಗಿ ಹಾಸಿಗೆಯ ಮೇಲೆ ತೊಟ್ಟಿಕ್ಕಿದರೂ ಆಶ್ಚರ್ಯವಿಲ್ಲ.

ಅತ್ತೆ ಮಲಗಿದಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದರು. "ಬರೋ ದಾರಿ ಹೇಳ್ದೆ. ಆ ಗಾಳಿ ವಾಪಸ್ ಹೋಗೋ ದಾರಿ ಎಲ್ಲಪ್ಪ?" ಎಂದರು.

ನಾನಾಗಿದ್ದರೆ ಕೇಳುತ್ತಿರಲಿಲ್ಲ. ಅವರು ಕೇಳಿದ್ದು ಅರವತ್ತು ವರ್ಷ ಕೊಬ್ಬರಿ ಅಟ್ಟ ನೋಡಿಕೊಂಡವರಾದ್ದರಿಂದ. ತಿಪಟೂರಿನ ಉಂಡೆ ಕೊಬ್ಬರಿ ಬಿಸಿಲಿಗೆ ಹರವಿದರೆ ಆಗುವಂಥದ್ದಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಎಂಟು ತಿಂಗಳೋ, ಹನ್ನೆರಡು ತಿಂಗಳೋ ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಂಡು ಉರುಳಿದ ಸದ್ದು ಬರಬೇಕು. ಅಟ್ಟದ ನೆಲಕ್ಕೆ ಹಲಗೆ ಒತ್ತಾಗಿ ಜೋಡಿಸುವುದಿಲ್ಲ, ಸಂದಿ ಬಿಡುತ್ತಾರೆ. ಕೆಳಗಿನ ಬಿಸಿ ಸಂದಿಯಲ್ಲಿ ಏರಿ, ಕಾಯಿಗಳ ನಡುವೆ ನುಸುಳಿ, ಮೇಲಿನಿಂದ ಹೊರಗೆ ಹೋಗಬೇಕು. ಹೋಗುವ ದಾರಿ ಕಟ್ಟಿತೋ, ಬೂಷ್ಟು ಹಿಡಿದು ಒಂದು ವರ್ಷದ ಬೆಳೆ ಕೌಟು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಏಣಿ ಹತ್ತಿಸಿ, ಅಂಗೈ ಒಡ್ಡಿ ಗಾಳಿ ಆಡುತ್ತಿದೆಯೇ ನೋಡು ಎನ್ನುತ್ತಿದ್ದರು.

ಚಾಲಕ ನಡುಮಾಡಿನ ಜಾಲರಿಯನ್ನು ತೋರಿಸಿದ. ವಾಪಸು ಗಾಳಿ ಅದರಲ್ಲೇ ಮೇಲೇರಿ, ತಣ್ಣಗಾಗಿ ಮತ್ತೆ ಡಕ್ಟಿಗೆ ಬರುವುದು. ಆ ಜಾಲರಿಗೆ ಕೂಸಿನ ಒದ್ದೆ ಟವೆಲನ್ನು ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿತ್ತು! ಅತ್ತೆ ನಕ್ಕರು, ಬೆಳಗಿನಿಂದ ಅದು ಮೊದಲ ನಗು. ಟವೆಲು ತೆಗೆದು, ಹಿಂದಿನ ಜಾಲರಿ ಬಟ್ಟೆಯನ್ನು ಬಿಚ್ಚಿ ನೋಡಿದರೆ ಬೆರಳಚ್ಚು ಬೀಳುವಷ್ಟು ಧೂಳು. ಕೊಡವಿ ಹಾಕಿದೆವು.

ಆಮೇಲೆ ಕಿಂಡಿಗಳ ಸರದಿ. ಪೆಟ್ಟಿಗೆಯ ಅಡಿಯಲ್ಲೇ ಒಂದು ದೊಡ್ಡ ಬಾಯಿ ಇರುತ್ತದೆ. ಬೇಗ ತಂಪಾಗಲೆಂದು ಅದನ್ನು ತೆರೆದರೆ ಗಾಳಿಯೆಲ್ಲ ಅಲ್ಲೇ ಸುರಿದು ಡಕ್ಟು ಬಡವಾಗುತ್ತದೆ. ಅದನ್ನು ಮುಚ್ಚಿದೆವು. ಹತ್ತಿರದ ಎರಡನ್ನು ಅರ್ಧ ಬಿಗಿ, ದೂರದವು ಪೂರ್ತಿ. ಮಂಚದ ಮೇಲಿನದನ್ನು ಮುಚ್ಚಲಿಲ್ಲ. ಅದರ ತಟ್ಟೆ ತಿರುಗುತ್ತದೆ, ಪಟ್ಟಿಗಳು ಓರೆಯಾಗುತ್ತವೆ. ಗಾಳಿ ಮಾಡನ್ನು ಸವರಿಕೊಂಡು ಎದುರು ಗೋಡೆಗೆ ಹೋಗುವಂತೆ ತಿರುಗಿಸಿದೆವು. ತಣ್ಣನೆ ಗಾಳಿ ಭಾರ, ಹೇಗೂ ಕೆಳಗಿಳಿಯುತ್ತದೆ. ಆದರೆ ಬೆರೆತು ಮೆಲ್ಲಗೆ ಇಳಿಯುತ್ತದೆ, ಕೊಡದಿಂದ ಹೊಯ್ದಂತಲ್ಲ. ಜಾಲರಿಗೆ ಹೋಗುವ ಗಾಳಿಗಿಂತ ಕಿಂಡಿಯಲ್ಲಿ ಬರುವ ಗಾಳಿ ಸುಮಾರು 8ರಿಂದ 11 ಡಿಗ್ರಿ ತಂಪಾಗಿದ್ದರೆ ಯಂತ್ರ ನೆಟ್ಟಗಿದೆ ಎಂದು ಲೆಕ್ಕವಂತೆ. ನಮ್ಮಲ್ಲಿ ಅಳೆಯುವ ಕಡ್ಡಿ ಇರಲಿಲ್ಲ. ನಾನು ಹಳೆಯ ಅಭ್ಯಾಸದಂತೆ ಅಂಗೈ ಒಡ್ಡಿದೆ.

ಎ.ಸಿ. ಯಂತ್ರ ಮೊದಲು ಹುಟ್ಟಿದ್ದು ಮನುಷ್ಯರ ಸುಖಕ್ಕಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತಿತ್ತು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ಹಿಡಿತಕ್ಕೆ ತರಲು ವಿಲ್ಲಿಸ್ ಕ್ಯಾರಿಯರ್ ಎಂಬ ಇಂಜಿನಿಯರ್ ರೂಪಿಸಿದ್ದು ಅದು. ಇದನ್ನು ಹುಡುಗ ಹೇಳಿದಾಗ ಅತ್ತೆ, "ಅಂಗಾದ್ರೆ ಅವನದ್ದೂ ಅಟ್ಟವೇ" ಎಂದುಬಿಟ್ಟರು.

ಕಡೂರು, ಬೀರೂರು, ತರೀಕೆರೆ ಹೋದದ್ದು ಗೊತ್ತಾಗಲಿಲ್ಲ. ಅತ್ತೆ ಭದ್ರಾವತಿಯವರೆಗೂ ನಿದ್ದೆ ಹೋದರು, ಮಂಡಿಯ ಮೇಲೆ ಬರೀ ಸೆರಗು.

ಶಿವಮೊಗ್ಗದಲ್ಲಿ ಇಬ್ಬರನ್ನೂ ಕೋಣೆಯಲ್ಲಿ ಬಿಟ್ಟು ನಾವು ಹೊರಗೆ ಕೂತೆವು. ಮೊದಲು ಅಳು ಕೇಳಿಸಿತು, ಆಮೇಲೆ ಯಾವುದೋ ಹಳೆಯ ಜಗಳ, ತವರಿನ ಒಂದು ಹಿತ್ತಾಳೆ ಕೊಳಗದ ವಿಷಯ. ಮೂರು ಗಂಟೆ ಮಾತು ನಿಲ್ಲಲಿಲ್ಲ. ಹೊರಡುವಾಗ ತಂಗಿ ಕೇಳಿದರು, "ಯಾವಾಗ ಬತ್ತೀಯ ಅಕ್ಕ?"

ವಾಪಸು ಬರುವಾಗ ಅತ್ತೆ ಹೆಚ್ಚು ಮಾತಾಡಲಿಲ್ಲ. ಬೀರೂರು ದಾಟಿದ ಮೇಲೆ ಕಣ್ಣು ಬಿಟ್ಟು, "ಆ ಕಿಂಡಿ ಒಂಚೂರು ಈ ಕಡೆ ತಿರುಗ್ಸು, ಸೆಕೆ" ಎಂದರು. ತಿರುಗಿಸಿದೆ.